ಅಕ್ಕ ತಂದ ಕೋಳಿ

ಹೊಸ ಕೋಳಿ ಬಂದರೆ ಒಂದು ತಿಂಗಳು ಬೇರೆ ಇಡಬೇಕು. ಬೇರೆ ಪಂಜರ, ಬೇರೆ ನೀರು, ಬೇರೆ ಕಾಳು. ಮೊದಲು ಹಳೆಯವುಗಳ ಕೆಲಸ ಮುಗಿಸಿ ಆಮೇಲೆ ಹೊಸದರ ಹತ್ತಿರ ಹೋಗಬೇಕು, ಬಂದ ಮೇಲೆ ಕೈ ತೊಳೆದು ಚಪ್ಪಲಿ ಬದಲಾಯಿಸಬೇಕು. ನಮ್ಮ ಬೀದಿಯಲ್ಲಿ ಕೋಳಿ ಸಾಕುವವರಿಗೆಲ್ಲ ಇದನ್ನು ಹೇಳಿಕೊಟ್ಟವಳು ನಾನೇ. ಎದುರುಮನೆಯ ಮೇಷ್ಟ್ರು ಪ್ರೀತಿಯಿಂದ ಎರಡು ಕೋಳಿ ತಂದಾಗ ಗೇಟಿನಲ್ಲೇ ತಡೆದು, ಹಿತ್ತಲ ಕೊನೆಯ ಕಬ್ಬಿಣದ ಪಂಜರಕ್ಕೆ ಹಾಕಿಸಿದ್ದೆ. ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡು ಹೋದರು. ಹೋಗಲಿ, ನನಗೇನು? ನಾನು ಮುಖ ನೋಡಿ ಮಾತಾಡುವವಳಲ್ಲ ಎಂದು ಬೀದಿಗೆಲ್ಲ ಗೊತ್ತು.

ಅಕ್ಕ ಕೋಳಿ ತಂದ ದಿನವೂ ಆ ಪಂಜರ ಖಾಲಿ ಇತ್ತು. ಖಾಲಿಯಾಗಿಯೇ ಉಳಿಯಿತು.

ಅಕ್ಕನೂ ನಾನೂ ಮಾತು ಬಿಟ್ಟು ಏಳು ವರ್ಷವಾಗಿತ್ತು. ಅಮ್ಮ ಹಾಸಿಗೆ ಹಿಡಿದು, ಇನ್ನು ಏಳುವುದಿಲ್ಲ ಎಂದು ಗೊತ್ತಾದ ವಾರವೇ ಅಕ್ಕ ಅವಳನ್ನು ಕಾರಿನಲ್ಲಿ ಮಲಗಿಸಿಕೊಂಡು ಬಂದು, ಮಾತ್ರೆಗಳ ಚೀಲದ ಸಮೇತ ನಮ್ಮ ನಡುಮನೆಯಲ್ಲಿ ಇಳಿಸಿದ್ದಳು. "ನನ್ನ ಕೈಲಿ ಆಗಲ್ಲ ಕಣೇ. ನೀನಾದ್ರೆ ನೋಡ್ಕೊಳ್ತೀಯ," ಎಂದಿದ್ದಳು. ನೋಡಿಕೊಂಡೆ. ನಾಲ್ಕು ತಿಂಗಳು ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿಟ್ಟು ಅಮ್ಮನ ಬೆನ್ನಿನ ಹುಣ್ಣು ತೊಳೆದೆ. ಅಕ್ಕ ಮತ್ತೆ ಬಂದದ್ದು ಹೆಣ ಎತ್ತುವ ದಿನ. ಎಲ್ಲರಿಗಿಂತ ಜೋರಾಗಿ ಅತ್ತವಳೂ ಅವಳೇ. ನಾಲ್ಕು ಜನರೆದುರು ನಾನು ಒಂದು ಮಾತು ಅಂದೆ, ಅವಳು ಎರಡು ಅಂದಳು, ಅಲ್ಲಿಗೆ ಮುಗಿಯಿತು.

ಅಮ್ಮ ಹೋದ ಮೇಲೆ ಕೈಗೆ ಕೆಲಸವಿಲ್ಲದೆ ಕೋಳಿ ಸಾಕಲು ಶುರುಮಾಡಿದೆ. ನಾಲ್ಕು ಮರಿಯಿಂದ ಒಂಬತ್ತು ಕೋಳಿಯಾದವು. ಎಲ್ಲರ ತಲೆ ಮೇಲೂ ಕುಕ್ಕಿ ಸಾಲು ಸರಿಪಡಿಸುತ್ತಿದ್ದ ಹೆಡ್‌ಮೇಡಂ, ಒಂದು ಕಾಲೆಳೆಯುತ್ತಿದ್ದ ಕುಂಟಿ, ಮೊಟ್ಟೆಯೊಂದು ಇಟ್ಟರೆ ಊರಿಗೆಲ್ಲ ಸಾರುತ್ತಿದ್ದ ಡಂಗುರ. ನಮ್ಮ ಮನೆಯವರು, "ನನಗಿಂತ ಅವುಗಳ ಜೊತೇನೇ ಹೆಚ್ಚು ಮಾತಾಡ್ತಾಳೆ," ಎಂದು ಬಂದವರಿಗೆಲ್ಲ ದೂರುತ್ತಿದ್ದರು. ಸುಳ್ಳೇನಲ್ಲ. ಅವು ಎದುರು ಮಾತಾಡುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕ ಗೇಟಿನ ಮುಂದೆ ನಿಂತಿದ್ದಳು. ಕೂದಲು ಪೂರ್ತಿ ನೆರೆತಿತ್ತು. ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಮಲ್ಲಿಗೆಯಷ್ಟು ಬೆಳ್ಳಗಿನ ಕೋಳಿ.

"ಒಳಗೆ ಬಾ ಅನ್ನಲ್ವೇನೇ?" ಎಂದಳು.

ನನಗೆ ಅಳು ಬಂತು. ಏಳು ವರ್ಷ ಬೈದುಕೊಂಡದ್ದೆಲ್ಲ ಎಲ್ಲಿ ಹೋಯಿತೋ. ತಾನೂ ಕೋಳಿ ಸಾಕುತ್ತಿದ್ದೆ, ಈಗ ಇದೊಂದೇ ಉಳಿದಿದೆ, ಪಾಪ ಒಂಟಿ, ನಿನ್ನ ಹತ್ತಿರವಾದರೆ ಜೊತೆ ಸಿಗುತ್ತದೆ ಎಂದಳು. ಉಳಿದವು ಏನಾದವು ಎಂದು ನಾನು ಕೇಳಲಿಲ್ಲ. ತಂದವರು ಬೇರೆ ಯಾರೇ ಆಗಿದ್ದರೂ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಅದು.

ಹಿತ್ತಲಿಗೆ ಹೋದಾಗ ನನ್ನ ಕಾಲು ತಾನಾಗಿಯೇ ಪಂಜರದ ಕಡೆ ತಿರುಗಿತು. ಆ ಪಂಜರ ಯಾತಕ್ಕೆ ಎಂದು ಅಕ್ಕ ಕೇಳಿದಳು. ಹೊಸ ಕೋಳಿಗೆ ರೋಗ ಇದ್ದರೆ ಅಂತ, ಎಂಬ ಮಾತು ಗಂಟಲವರೆಗೆ ಬಂತು. ಏಳು ವರ್ಷದ ಮೇಲೆ ಮನೆಗೆ ಬಂದವಳಿಗೆ, ನಿನ್ನ ಮನೆಯದನ್ನು ನಂಬುವುದಿಲ್ಲ ಎಂದು ಹೇಗೆ ಹೇಳಲಿ? ಹಳೆಯದು, ಎಸೆಯಬೇಕು ಎಂದೆ. ಗೂಡಿನ ಬಾಗಿಲು ತೆಗೆದು ಬಿಳಿ ಕೋಳಿಯನ್ನು ನನ್ನ ಒಂಬತ್ತರ ನಡುವೆ ನಾನೇ ಕೈಯಾರೆ ಬಿಟ್ಟೆ. ದಾಕ್ಷಿಣ್ಯಕ್ಕೆ ಬಸಿರಾಗುವುದು ಎಂದರೆ ಇದೇ.

ನೆಂಟರ ಮನೆಯಿಂದ ಬಂದವಳೆಂದು ನಮ್ಮ ಮನೆಯವರು ಅದಕ್ಕೆ ಬೀಗಿತ್ತಿ ಎಂದು ಹೆಸರಿಟ್ಟರು.

ಹನ್ನೊಂದನೆಯ ದಿನ ಹೆಡ್‌ಮೇಡಂ ಸೀನಿತು. ಮಾರನೆಯ ದಿನ ಕುಂಟಿಯ ಕಣ್ಣಲ್ಲಿ ನೊರೆ. ಮೂರನೆಯ ದಿನಕ್ಕೆ ನಾಲ್ಕು ಕೋಳಿಗಳ ಮುಖ ಊದಿಕೊಂಡು, ಮೂಗಿನಿಂದ ಅಂಟು ಸುರಿದು, ಗೂಡಿನ ಹತ್ತಿರ ಹೋದರೆ ಕೊಳೆತ ವಾಸನೆ. ಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತಿ ಅದ್ದಿ ಕಣ್ಣೊರೆಸಿದೆ, ಕಾಳು ನೆನೆಸಿ ಹಿಸುಕಿ ಕೈಯಲ್ಲಿ ತಿನ್ನಿಸಿದೆ. ಅಕ್ಕ ದಿನಾ ಫೋನ್ ಮಾಡುತ್ತಿದ್ದಳು. ಅವಳಿಗೆ ನೋವಾಗಬಾರದೆಂದು ನಾನು ರೋಗದ ಸುದ್ದಿಯನ್ನೇ ಎತ್ತಲಿಲ್ಲ. ಅವಳು ಕೇಳುತ್ತಿದ್ದದ್ದೂ ಒಂದೇ, ನನ್ನ ಬಿಳಿ ಕೋಳಿ ಹೇಗಿದೆ ಎಂದು. ಅದು ಚೆನ್ನಾಗಿಯೇ ಇತ್ತು. ಅದೊಂದೇ ಚೆನ್ನಾಗಿತ್ತು.

ಪಶುವೈದ್ಯೆ ಬಂದು ಒಂದೊಂದನ್ನೇ ಎತ್ತಿ ಕೊಕ್ಕು ತೆರೆದು ನೋಡಿದರು, ನೀರಿಗೆ ಹಾಕುವ ಔಷಧಿ ಬರೆದರು. ಕೊನೆಗೆ ಬೀಗಿತ್ತಿಯನ್ನು ಎತ್ತಿಕೊಂಡವರು ಅದರ ಕಾಲಿನಲ್ಲಿದ್ದ ನೀಲಿ ಬಳೆಯನ್ನು ತಿರುಗಿಸಿ ನೋಡಿದರು.

"ಈ ಬಳೆ ನಾನೇ ಹಾಕಿದ್ದು," ಎಂದರು. "ಇದರ ಜೊತೆಯವೆಲ್ಲ ಇದೇ ರೋಗದಲ್ಲಿ ಸತ್ತವು. ಇದು ಬದುಕಿತು, ಆದ್ರೆ ರೋಗ ಒಳಗೇ ಇರುತ್ತೆ. ಇದಿರೋವರೆಗೂ ಅಲ್ಲಿ ಬೇರೆ ಕೋಳಿ ಸಾಕೋ ಹಾಗಿಲ್ಲ. ಮುಗಿಸಿಬಿಡಿ, ಇಲ್ಲಾಂದ್ರೆ ಒಂದನ್ನೇ ಇಟ್ಕೊಳ್ಳಿ, ಯಾರಿಗೂ ಕೊಡಬೇಡಿ ಅಂತ ಆ ಅಮ್ಮನಿಗೆ ಎರಡು ಸಲ ಹೇಳಿದ್ದೆ."

ಆ ಅಮ್ಮ ನನ್ನ ಅಕ್ಕ ಎಂದು ನಾನು ಅವರಿಗೆ ಹೇಳಲಿಲ್ಲ. ನಾಚಿಕೆಯಾಯಿತು.

ಔಷಧಿ ತಡವಾಗಿತ್ತು. ಎರಡು ವಾರದಲ್ಲಿ ಐದು ಸತ್ತವು. ಉಳಿದ ನಾಲ್ಕು ಕೋಳಿಗಳು ಕಣ್ಣು ಕಳೆದುಕೊಂಡು, ಮೇವು ಬಿಟ್ಟು, ಬಾಯಿ ತೆರೆದೇ ಉಸಿರಾಡತೊಡಗಿದವು. ಇನ್ನು ನರಳಿಸಬೇಡಿ ಎಂದು ಡಾಕ್ಟರು ಕತ್ತು ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟರು. ನಾನೇ ಮಾಡಿದೆ. ಹೆಡ್‌ಮೇಡಂ ಕಡೆಯದು. ಕಣ್ಣು ಕಾಣದ ಅದು ನನ್ನ ಕೈ ಸೋಕಿದ್ದೇ ತಡ, ತಿನ್ನಿಸಲು ಬಂದಿದ್ದೇನೆಂದು ಕೊಕ್ಕು ಚಾಚಿತು. ನಾನು ಅಮ್ಮನಿಗೂ ಅಷ್ಟು ಅತ್ತಿರಲಿಲ್ಲ.

ಮರುದಿನ ಬೀಗಿತ್ತಿಯನ್ನು ಅದೇ ಬುಟ್ಟಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಅಕ್ಕನೇ ಕೊಲ್ಲಲಿ, ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ ಎಂದುಕೊಂಡಿದ್ದೆ. ಗೇಟು ತೆಗೆಯುತ್ತಿದ್ದಂತೆ ಅಕ್ಕ ಓಡಿ ಬಂದಳು.

"ಅಲ್ಲೇ ನಿಲ್ಲು. ಅದನ್ನ ಒಳಗೆ ತರಬೇಡ, ಮರಿಗಳಿವೆ."

ಅವಳ ಭುಜದಾಚೆ ಕಂಡಿತು. ಸುಣ್ಣ ಹೊಡೆದ ಗೂಡು, ಹೊಸ ಜಾಲರಿ, ಬಲ್ಬು ಉರಿಯುತ್ತಿದ್ದ ರಟ್ಟಿನ ಪೆಟ್ಟಿಗೆ. ಚಿಂವ್ ಚಿಂವ್ ಎಂದು ಹತ್ತು ಹನ್ನೆರಡು ಮರಿಗಳಾದರೂ ಕೂಗುತ್ತಿದ್ದವು. ಅವಳು ನನಗಾಗಿ ಬಂದಿರಲಿಲ್ಲ. ಹೊಸ ಮರಿಗಳಿಗೆ ಜಾಗ ಮಾಡಲು ಬಂದಿದ್ದಳು.

"ನನ್ನ ಒಂಬತ್ತೂ ಹೋದವು," ಎಂದೆ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಅಳು ಯಾವಾಗಲೂ ಕೈಯಲ್ಲೇ ಇರುತ್ತದೆ.

"ಹೀಗಾಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ ಕಣೇ. ಕೊಲ್ಲೋಕೆ ನನ್ನ ಕೈಲಿ ಆಗ್ಲಿಲ್ಲ. ನೀನಾದ್ರೆ ನೋಡ್ಕೊಳ್ತೀಯ ಅಂತ..."

ಬುಟ್ಟಿಯ ಮುಚ್ಚಳದ ಮೇಲೆ ನನ್ನ ಕೈಯಿತ್ತು. ತೆಗೆದು ಒಳಗೆ ತಳ್ಳಿದ್ದರೆ ಸಾಕಿತ್ತು. ತಳ್ಳಬೇಕೆಂದೇ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಮರಿಗಳು ನನಗೇನು ಮಾಡಿದ್ದವು? ಗೇಟಿನ ಚಿಲಕ ಹೊರಗಿನಿಂದ ನಾನೇ ಹಾಕಿ ಬಸ್ ನಿಲ್ದಾಣಕ್ಕೆ ನಡೆದೆ.

ಈಗ ಬೀಗಿತ್ತಿ ನಮ್ಮ ಹಿತ್ತಲಲ್ಲಿ ಒಂಟಿಯಾಗಿದೆ. ಅದನ್ನು ಮುಗಿಸಿ, ಗೂಡು ತೊಳೆದು ಹೊಸದಾಗಿ ಶುರುಮಾಡು ಎಂದು ನಮ್ಮ ಮನೆಯವರು ಹೇಳುತ್ತಾರೆ. ಕೊಂದರೆ ಅಕ್ಕನ ಕೈಲಿ ಆಗದ ಕೆಲಸ ನಾನು ಮಾಡಿದಂತೆ. ಸಾಕಿದರೆ ಅವಳು ಹೇಳಿದ ಹಾಗೆಯೇ ನೋಡಿಕೊಂಡಂತೆ. ಎತ್ತ ಹೋದರೂ ಅವಳ ಚಾಕರಿಯೇ. ಅವಳ ಫೋನು ಮಾತ್ರ ನಾನು ಎತ್ತುವುದಿಲ್ಲ.

ಬೆಳಿಗ್ಗೆ ಎದ್ದು ಅದಕ್ಕೆ ಕಾಳು ಹಾಕುತ್ತೇನೆ, ನೀರು ಬದಲಾಯಿಸುತ್ತೇನೆ. ಬಂದ ಮೇಲೆ ಸೋಪು ಹಚ್ಚಿ ಕೈ ತೊಳೆದು, ಚಪ್ಪಲಿಯನ್ನೂ ಬದಲಾಯಿಸುತ್ತೇನೆ. ಕಾಪಾಡಬೇಕಾದ ಕೋಳಿ ಇನ್ನೊಂದಿಲ್ಲ.