ಬೀಜಕ್ಕೆ ಬಿಟ್ಟ ಕಾಯಿ

ದೊಣ್ಣೆಮೆಣಸಿನಕಾಯಿಯ ಹೂವು ತಲೆ ತಗ್ಗಿಸಿಕೊಂಡೇ ಅರಳುತ್ತದೆ. ಬಿಳಿಯ ಪುಟ್ಟ ಹೂವು. ಅದರ ಮುಖ ನೋಡಬೇಕೆಂದರೆ ನಾವೇ ಬಗ್ಗಬೇಕು. ನಾನು ಅದನ್ನು ಮೊದಲು ನೋಡಿದ್ದು ಅಂಬುಜಮ್ಮನವರ ಹಿತ್ತಲಿನಲ್ಲಿ. ಮದುವೆಯಾದ ಹೊಸದರಲ್ಲಿ ನಾವು ಅವರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ನನ್ನ ಅಡುಗೆಮನೆಯ ಕಿಟಕಿ ಆ ಹಿತ್ತಲಿಗೇ ತೆರೆದುಕೊಳ್ಳುತ್ತಿತ್ತು.

ಗಿಡ ಹಾಕಿದವಳು ಅವರ ಸೊಸೆ ಕುಮುದ. ಆ ವರ್ಷವೇ ಅವಳ ತಾಯಿ ತೀರಿಕೊಂಡಿದ್ದರು. ಅಣ್ಣ ಮನೆ ಮಾರಿದ. ಕೊಂಡವರು ತಾಯಿಯ ಕೈತೋಟಕ್ಕೆ ಕಲ್ಲು ಹಾಸಿದರು. ಕುಮುದಳಿಗೆ ತವರಿನಿಂದ ಸಿಕ್ಕಿದ್ದು ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿದ್ದ ಒಂದು ಚಿಟಿಕೆ ಬೀಜ. ಹಳೆಯದಾದರೆ ಮೊಳೆಯುವುದಿಲ್ಲವೆಂದು ಅಷ್ಟನ್ನೂ ಬಿತ್ತಿದಳು. ಹೆಚ್ಚಿನವು ಮಣ್ಣಲ್ಲೇ ಕೊಳೆತು, ನಾಲ್ಕು ಗಿಡ ಉಳಿದವು. ಅವಕ್ಕೆ ಅಕ್ಕಿ ತೊಳೆದ ನೀರು ಹೊಯ್ದಳು, ಒಲೆಯ ಬೂದಿ ಉದುರಿಸಿದಳು, ಹಸುಗೂಸಿಗೆ ಮಾಡಿದ ಹಾಗೆ ಮಾಡಿದಳು.

ಆ ಮನೆಯಲ್ಲೊಂದು ಪದ್ಧತಿಯಿತ್ತು. ಗಿಡ ಯಾರಾದರೂ ನೆಡಲಿ, ಕಾಯಿ ಕೀಳುವ ಕೈ ಮಾತ್ರ ಅತ್ತೆಯದು. ಮೊದಲ ಸಲ ಕಿತ್ತಾಗ ಅಂಬುಜಮ್ಮ ನಮಗೂ ಕೊಟ್ಟರು. "ನಮ್ಮ ಕುಮುದನ ಕೈಗುಣ ನೋಡೇ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ಎಂಥ ಒಳ್ಳೆಯ ಅತ್ತೆ ಎಂದು ನಾನೂ ಮರುಳಾಗಿ, ಎಣ್ಣೆಗಾಯಿ ಮಾಡಿಕೊಂಡು ತಿಂದೆ.

"ಅತ್ತೆ, ಒಂದೇ ಒಂದು ಕಾಯಿ ಗಿಡದಲ್ಲೇ ಬಿಡಿ," ಎಂದು ಕೇಳಿದಳು ಕುಮುದ. "ಹಣ್ಣಾಗಿ ಕೆಂಪಗಾದ್ರೆ ಬೀಜಕ್ಕಾಗುತ್ತೆ. ಹಸಿರು ಕಾಯಿ ಬೀಜ ಮೊಳಿಯಲ್ಲ."

"ಅದಕ್ಕೇನಂತೆ, ಬಿಡೋಣ."

ಬಿಡಲಿಲ್ಲ. ಮರುವಾರ ಆ ಕಾಯಿ ಸಾಂಬಾರಿನಲ್ಲಿತ್ತು. "ಅಯ್ಯೋ, ಮರೆತೇಹೋಯ್ತು ಕಣೆ." ಇನ್ನೊಂದಕ್ಕೆ ಕುಮುದ ಗುರುತಿಗೆಂದು ದಾರ ಕಟ್ಟಿದಳು. ಅಂಬುಜಮ್ಮ ದಾರ ಬಿಚ್ಚಿ, ಅಚ್ಚುಕಟ್ಟಾಗಿ ಸುತ್ತಿ ಸೊಸೆಯ ಕೈಗಿಟ್ಟು, ಕಾಯನ್ನು ಹೆಚ್ಚಿದರು. ಆಗ ನನ್ನ ಭ್ರಮೆ ಹರಿಯಿತು. ಕುಮುದಳ ಗಂಡನೋ, ತಾಯಿಯೆದುರು ತುಟಿ ಬಿಚ್ಚುವ ಪೈಕಿಯವನಲ್ಲ.

ಕೊನೆಗೆ ಅವಳು ನನ್ನ ಕಿಟಕಿಯ ಕೆಳಗಿನ ಗಿಡದಲ್ಲಿ ಒಂದು ಕಾಯನ್ನು ಎಲೆಗಳೊಳಗೆ ಬಚ್ಚಿಟ್ಟಳು. ಅದರ ಒಂದು ಕೆನ್ನೆ ಮೊದಲು ಕಂದಿತು, ಆಮೇಲೆ ಕೆಂಪೇರಿತು. ಪಾತ್ರೆ ತೊಳೆಯುವಾಗ ನಾವಿಬ್ಬರೂ ಕಣ್ಣಲ್ಲೇ ಮಾತಾಡಿಕೊಳ್ಳುತ್ತಿದ್ದೆವು. "ಇನ್ನೆರಡು ದಿನ ಅಕ್ಕಾ" ಎಂದು ಒಮ್ಮೆ ಪಿಸುಗುಟ್ಟಿದಳು. ಅವಳು ಅಷ್ಟು ಚೆನ್ನಾಗಿ ನಗುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ.

ಮರುದಿನ ಅಂಬುಜಮ್ಮ ನನ್ನನ್ನು ಊಟಕ್ಕೆ ಕರೆದರು. ಸೊಸೆಯನ್ನೂ ನನ್ನ ಪಕ್ಕದಲ್ಲೇ ಕೂರಿಸಿ ತಾವೇ ಬಡಿಸಿದರು. ಆ ಮನೆಯಲ್ಲಿ ಅದು ಎಂದೂ ನಡೆಯದ ಸಂಗತಿ. ನನ್ನ ಎಲೆಗೆ ಹಸಿರು ಎಣ್ಣೆಗಾಯಿ ಬಿತ್ತು. ಕುಮುದಳ ಎಲೆಗೆ ಕೆಂಪು.

"ನಿನಗಂತಲೇ ಮಾಡಿದ್ದು. ಅಮ್ಮನ ಮನೇದು, ತಿನ್ನು."

ಕುಮುದ ಬೆರಳಿನಿಂದ ಕಾಯನ್ನು ಬಿಡಿಸಿ ನೋಡಿದಳು. ಒಳಗೆ ಬರೀ ಮಸಾಲೆ. "ಬೀಜ ಅತ್ತೆ?"

"ಒಲೆಗೆ ಹಾಕ್ದೆ. ಚಟಪಟ ಅಂದ್ವು." ಅಂಬುಜಮ್ಮ ಅನ್ನಕ್ಕೆ ತುಪ್ಪ ಬಡಿಸುತ್ತ ಮೃದುವಾಗಿಯೇ ಹೇಳಿದರು. "ನಾನು ತವರಿಂದ ತಂದ ಮಲ್ಲಿಗೆ ಬುಡಕ್ಕೆ ನಮ್ಮತ್ತೆ ಕುದಿಯೋ ಗಂಜಿ ಸುರಿದ್ರು. ನಾನೇನು ಸತ್ತುಹೋದ್ನಾ? ಈ ಮನೆಗೆ ಬಂದ ಮೇಲೆ ಆ ಮನೆ ಬೇರು ಇರಬಾರ್ದು."

ಕುಮುದ ಅಳುತ್ತಾಳೆಂದುಕೊಂಡೆ. ಅವಳು ತೊಟ್ಟನ್ನೂ ಬಿಡದೆ ತಿಂದಳು. "ಚೆನ್ನಾಗಿದೆ ಅತ್ತೆ" ಎಂದಳು. ಆ ಅತ್ತೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಂದಿನಿಂದ ಗಿಡಗಳು ಕಾಯಿ ಬಿಡುವುದು ನಿಂತಿತು. ಎಲೆಗಳೇನೋ ಹಸಿರಾಗಿಯೇ ಇದ್ದವು. ಅಂಬುಜಮ್ಮ ಬಗ್ಗಿ ಬಗ್ಗಿ ಹುಡುಕಿದರು. ಅವರ ನಾಲಿಗೆಗೆ ಆ ರುಚಿ ಹತ್ತಿಬಿಟ್ಟಿತ್ತು. ಸಂತೆಯ ಕಾಯಿ ಬೇಯಿಸಿಟ್ಟರೆ ತಟ್ಟೆ ಸರಿಸುತ್ತಿದ್ದರು. ಜ್ವರ ಬಂದು ಬಾಯಿ ಕೆಟ್ಟಾಗಂತೂ ಅದೇ ಜಪವಾಯಿತು. ನಾನು ನೋಡಲು ಹೋಗಿದ್ದ ದಿನ ಸೊಸೆಯ ಕೈ ಹಿಡಿದುಕೊಂಡರು.

"ಕುಮುದಾ, ಕಾಯಿ ಬಿಟ್ರೆ ಒಂದು ಬೀಜಕ್ಕೆ ಬಿಡ್ತೀನಿ ಕಣೆ. ದೇವರಾಣೆ. ನಂಗೊಂದು ಎಣ್ಣೆಗಾಯಿ ಮಾಡಿಕೊಡು."

"ಹೂವೇ ನಿಲ್ತಾ ಇಲ್ಲ ಅತ್ತೆ. ಏನು ಮಾಡ್ಲಿ?"

ಏನು ಮಾಡುತ್ತಿದ್ದಳೆಂದು ಕಿಟಕಿಯಲ್ಲಿದ್ದ ನನಗೆ ಗೊತ್ತಿತ್ತು. ಬೆಳಿಗ್ಗೆ ಅತ್ತೆ ಏಳುವ ಮೊದಲೇ ಬಂದು ನೀರು ಹೊಯ್ಯುವಳು, ಬೂದಿ ಉದುರಿಸುವಳು, ಆಮೇಲೆ ಅರಳಿದ್ದನ್ನೆಲ್ಲ ಒಂದೊಂದಾಗಿ ಉಗುರಿನಿಂದ ಚಿವುಟಿ ಸೆರಗಿಗೆ ಹಾಕಿಕೊಳ್ಳುವಳು. ಪದ್ಧತಿಯಿದ್ದದ್ದು ಕಾಯಿಗೆ; ಹೂವಿನ ಮಾತು ಯಾರೂ ಆಡಿರಲಿಲ್ಲ.

ಅತ್ತೆ ಆಣೆಯಿಟ್ಟ ಮರುದಿನ ಅವಳ ಕೈ ಒಂದು ಹೂವಿನ ಬಳಿ ತಡೆಯಿತು. ಬಗ್ಗಿ ಅದರ ಮುಖ ನೋಡಿದಳು. ಅದೊಂದು ಬಿಡೇ, ನಿಮ್ಮಮ್ಮನದು ಬಿಡೇ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

ಚಿವುಟಿದಳು. ಸೆರಗನ್ನು ಬಚ್ಚಲ ಕಾಲುವೆಗೆ ಕೊಡವಿ, ಅತ್ತೆಗೆ ಗಂಜಿ ಕಾಯಿಸಲು ಒಳಗೆ ಹೋದಳು. ಬಿಳಿಯ ಹೂಗಳು ಕೊಳೆನೀರಿನ ಮೇಲೆ ಮುಖ ಮೇಲಾಗಿ ತೇಲಿಕೊಂಡು ಹೋದವು.