ಕೆನಡಾ ಕಡತಕ್ಕೆ ಒಂದು ಕ್ಯಾಸೆಟ್ಟು

ಕೊಂಬೈಯಿಂದ ಮೊದಲ ಬಸ್ಸು ಹಿಡಿದು, ತೇನಿಯಲ್ಲಿ ಇಳಿದು ಇನ್ನೊಂದು ಹತ್ತಿ, ಪಿಚ್ಚೈಯಮ್ಮಾಳ್ ದಿಂಡುಕ್ಕಲ್ ಕೋರ್ಟಿನ ಹಿಂದಿನ ಬೀದಿಗೆ ಬಂದಾಗ ಹತ್ತೂವರೆ ಆಗಿತ್ತು. ಕಂಕುಳಲ್ಲಿ ಹಳದಿ ಬಟ್ಟೆಯ ಚೀಲ. ಅದರೊಳಗೆ ಕಾಗದಗಳ ಕಟ್ಟು, ಕಟ್ಟಿನ ಮೇಲೆ ಪುಟ್ಟ ಟೇಪ್ ರೆಕಾರ್ಡರು, ರೆಕಾರ್ಡರಿನೊಳಗೆ ಕ್ಯಾಸೆಟ್ಟು. ಬಸ್ಸಿನ ಕುಲುಕಾಟಕ್ಕೆ ಪೆಟ್ಟಾಗದಿರಲೆಂದು ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳು.

ಟೈಪಿಂಗ್ ಮಾಡುವ ಕರುಪ್ಪಯ್ಯನ ಗುರುತು ಹೇಳಿದ್ದು ದ್ರಾಕ್ಷಿ ಬಳ್ಳಿ ಸವರಲು ನಿಲಕ್ಕೋಟ್ಟೈಯಿಂದ ಬರುತ್ತಿದ್ದ ಆಳು. ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪಿಸ್ಟಾಗಿದ್ದು ನಿವೃತ್ತನಾದ ಮುದುಕ. ಇಂಗ್ಲಿಷು ಗೊತ್ತು, ತಮಿಳು ಗೊತ್ತು, ಅದಕ್ಕಿಂತ ಮುಖ್ಯವಾಗಿ ನಮ್ಮ ಮಾತು ಗೊತ್ತು ಎಂದು ಆ ಆಳು ಹೇಳಿದ್ದ. ನಮ್ಮ ಮಾತು ಎಂದರೆ ಅವರ ಮನೆಗಳಲ್ಲಿ ಆಡುವ ಕನ್ನಡ. ನೂರಾರು ವರ್ಷಗಳಿಂದ ಅಡುಗೆಮನೆಯಲ್ಲೂ ಹೊಲದ ಬದುವಿನಲ್ಲೂ ಉಳಿದುಕೊಂಡದ್ದು. ಅದನ್ನು ಬರೆಯುವವರು ಯಾರೂ ಇರಲಿಲ್ಲ. ಬರೆಯುವುದೇನಿದ್ದರೂ ತಮಿಳಿನಲ್ಲೇ.

ಕರುಪ್ಪಯ್ಯ ಕನ್ನಡಕ ಏರಿಸಿಕೊಂಡು ಕಾಗದಗಳನ್ನು ಒಂದೊಂದಾಗಿ ತೆಗೆದ. ಪಾಸ್‌ಪೋರ್ಟು, ಮಾರ್ಕಯನ್‌ಕೋಟ್ಟೈ ಶಾಲೆಯ ಸರ್ಟಿಫಿಕೇಟು, ಮದುವೆಯ ನೋಂದಣಿ, ಪೊಲೀಸರ ಪತ್ರ, ರೇಷನ್ ಕಾರ್ಡಿನ ಪ್ರತಿ. ಎಲ್ಲ ಅಚ್ಚುಕಟ್ಟಾಗಿತ್ತು. ಕೊನೆಗೆ ದೆಲ್ಲಿಯ ಕೆನಡಾ ಕಚೇರಿಯಿಂದ ಬಂದ ಪತ್ರವನ್ನು ಓದಿ ಅದರ ಸಾರ ಹೇಳಿದ. ಗಂಡ ಗುರುಸಾಮಿ ಕೆನಡಾದಲ್ಲಿ ನೆಲೆಸಲು ಅನುಮತಿ ಪಡೆದಿದ್ದಾನೆ. ಹೆಂಡತಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದಾನೆ. ಆದರೆ ಏಳು ವರ್ಷ ಇಬ್ಬರೂ ಬೇರೆ ಬೇರೆ ಇದ್ದುದರಿಂದ, ಸಂಸಾರ ನಿಜಕ್ಕೂ ನಡೆದಿದೆ ಎಂದು ತೋರಿಸುವ ಪತ್ರ ವ್ಯವಹಾರ ಬೇಕು. ಇನ್ನು ನಲವತ್ತಾರು ದಿನದೊಳಗೆ ಕೊಡದಿದ್ದರೆ ಅರ್ಜಿ ಬಿದ್ದುಹೋಗುತ್ತದೆ.

"ಕಡಿದಾಸಿ ಎಲ್ಲವೆ ತಾಯಿ?" ಎಂದು ಕೇಳಿದ.

ಕಡಿದಾಸಿ, ಅಂದರೆ ಕಾಗದ, ಇಲ್ಲ ಎಂದಳು. ಹೋದ ಹೊಸತರಲ್ಲಿ ಗುರುಸಾಮಿ ತಮಿಳಿನಲ್ಲಿ ಎರಡು ಬರೆದಿದ್ದ. ಓದಿಸಿಕೊಂಡಾಗ ಯಾರೋ ಬೇರೆ ಗಂಡಸು ಬರೆದ ಹಾಗಿತ್ತು. ಅವನಿಗೂ ಹಾಗೇ ಅನ್ನಿಸಿತ್ತೋ ಏನೋ, ಮೂರನೆಯ ಸಲ ಒಂದು ಕ್ಯಾಸೆಟ್ಟು ಬಂತು. ಆಮೇಲೆ ಎಲ್ಲ ಮಾತೂ ಅದರಲ್ಲೇ. ಎರಡು ತಿಂಗಳಿಗೊಮ್ಮೆ ಸೈಕಲ್ ಅಂಗಡಿಗೆ ಫೋನು ಮಾಡುತ್ತಿದ್ದ. ಅಲ್ಲಿ ಹತ್ತು ಜನ ಕಿವಿ ನಿಗುರಿಸಿಕೊಂಡು ಕೂತಿರುತ್ತಿದ್ದರು; ಮಳೆ ಬಂತಾ, ಊಟ ಆಯ್ತಾ ಎಂಬುದರಾಚೆ ಮಾತು ದಾಟುತ್ತಿರಲಿಲ್ಲ.

ಕರುಪ್ಪಯ್ಯನ ಮುಖ ಅರಳಿತು. ಏಳು ವರ್ಷದ ಕ್ಯಾಸೆಟ್ಟುಗಳಿದ್ದರೆ ಕಾಗದಕ್ಕಿಂತ ಗಟ್ಟಿ, ಕೇಳಿ ಬರೆದು, ಇಂಗ್ಲಿಷಿಗೆ ತಂದು, ನೋಟರಿಯ ಮುಂದೆ ಪ್ರಮಾಣ ಮಾಡಿಸಿದರೆ ಆಯಿತು, ಎಲ್ಲವನ್ನೂ ಹೊರಗೆ ತೆಗೆ ಎಂದ.

ಅವಳು ಒಂದನ್ನು ತೆಗೆದಿಟ್ಟಳು.

"ಮಿಕ್ಕವು?"

"ಇದೇ ಒಂದು ಚಿತ್ತಪ್ಪಾ. ಇದೇ ಓಯ್ತದೆ, ಇದೇ ಬತ್ತದೆ."

ಅವರ ಮನೆಗಳಲ್ಲಿ ಒಂದು ರೂಢಿ ಇತ್ತು. ಪಕ್ಕದ ಮನೆಯಿಂದ ಒಂದು ಬಟ್ಟಲು ಸಾರು ಬಂದರೆ ಬಟ್ಟಲನ್ನು ತೊಳೆದು ಬರಿದಾಗಿ ವಾಪಸು ಕೊಡುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಹುರುಳಿಯಾದರೂ ಹಾಕಿ ಕಳಿಸಬೇಕು. ಗಂಡನ ಮಾತು ತುಂಬಿಕೊಂಡು ಬಂದ ಕ್ಯಾಸೆಟ್ಟನ್ನು ಅವಳು ನಾಲ್ಕು ಸಲ ಕೇಳಿ, ಮೊದಲಿಗೆ ಸುತ್ತಿ, ಅದರ ಮೇಲೆಯೇ ತನ್ನ ಮಾತು ತುಂಬಿ ಕಳಿಸಿದ್ದಳು. ಅವನೂ ಅಂಥದೇ ಮನೆಯಲ್ಲಿ ಬೆಳೆದವನು. ಅವಳ ಮಾತಿನ ಮೇಲೆ ತನ್ನದನ್ನು ತುಂಬಿ ಕಳಿಸಿದ. ಒಂದು ಪಕ್ಕ ಮಾತ್ರ ತುಂಬುತ್ತಿದ್ದರು, ಇನ್ನೊಂದು ಪಕ್ಕದಲ್ಲಿ ಅವನು ಕೊಂಡಾಗಲೇ ಇದ್ದ ಯಾವುದೋ ನಾದಸ್ವರ. ಹೊಸ ಕ್ಯಾಸೆಟ್ಟು ಕೊಳ್ಳಬಹುದು ಎಂದು ಇಬ್ಬರಿಗೂ ತೋಚಿರಲಿಲ್ಲ. ಬಂದ ಪಾತ್ರೆ ಇರುವಾಗ ಬೇರೆ ಪಾತ್ರೆಯಲ್ಲಿ ಯಾರು ಕಳಿಸುತ್ತಾರೆ?

ಕರುಪ್ಪಯ್ಯ ಪೆನ್ನು ಕೆಳಗಿಟ್ಟ. "ಏಳು ವರುಸದ ಸಂಸಾರವ ನೀವೇ ಅಳಿಸ್ಕಂಡು ಕೂತಿದೀರಲ್ಲಾ" ಎಂದ. ಬೈಗುಳವಲ್ಲ, ಹೊಟ್ಟೆಯುರಿದು ಹೇಳಿದ್ದು. ಆಮೇಲೆ, ಇರುವಷ್ಟನ್ನೇ ಬರೆಯೋಣ, ಆದರೆ ಪ್ರಮಾಣದಲ್ಲಿ ಮೊದಲಿನಿಂದ ಕೊನೆಯವರೆಗೆ ಎಂದು ಬರೆಯಬೇಕು, ಆದ್ದರಿಂದ ಆ ಪಕ್ಕದ ಮೂವತ್ತು ನಿಮಿಷವನ್ನೂ ಓಡಿಸಬೇಕು ಎಂದ.

ಅವಳಿಗೆ ನಾಚಿಕೆಯಾಯಿತು. ಆದರೂ ಗುಂಡಿ ಒತ್ತಿದಳು.

ಗುರುಸಾಮಿಯ ದನಿ ಬಂತು. ಹಿಂದಿನ ತಿಂಗಳು ಕಳಿಸಿದ್ದು. ಫೋಟೋ ಬಿಳಿ ಹಿನ್ನೆಲೆಯಲ್ಲಿ ತೆಗೆಸು. ಮದುವೆಯ ಸರ್ಟಿಫಿಕೇಟು ಮೂರು ಪ್ರತಿ. ಹೆಸರಿನ ಸ್ಪೆಲ್ಲಿಂಗು ಎಲ್ಲ ಕಡೆ ಒಂದೇ ಇರಲಿ. ಸ್ವೆಟರು ತೇನಿಯಲ್ಲಿ ಕೊಳ್ಳಬೇಡ, ಇಲ್ಲಿನ ಚಳಿಗೆ ಅದು ಸಾಲದು. ಟೊರಾಂಟೊದ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದವನು. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಕರುಪ್ಪಯ್ಯ ಅಲ್ಲಲ್ಲಿ ನಿಲ್ಲಿಸಿ, ಬರೆದುಕೊಂಡು, ಮತ್ತೆ ಓಡಿಸಿದ. ನಡುವೆ ಒಂದು ಸಲ, ನಿಮ್ಮ ಕೊಂಬೈ, ಕಂಬಂ ಊರುಗಳ ಕಡೆಯವರು ಮಾತಾಡಿದರೆ ಮಾತಿನ ಬಾಲವೇ ಬಾಯಲ್ಲಿ ಉಳಿದುಬಿಡುತ್ತದೆ ಎಂದು ಕೀಟಲೆ ಮಾಡಿದ. ಅವಳು ನಕ್ಕಳು. ಮನೆಯಲ್ಲಿ ಆ ಭಾಷೆಯನ್ನು ಆಡಲು ಯಾರೂ ಇಲ್ಲದೆ ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ, ಅತ್ತೆ ಹೋದ ಮೇಲೆ ಹಸುವಿನ ಹತ್ತಿರ ಬಿಟ್ಟರೆ ಆಡಿದ್ದೇ ಇಲ್ಲ.

"ಸರಿ, ಅಷ್ಟೇ" ಎಂದು ಗುರುಸಾಮಿಯ ದನಿ ನಿಂತಾಗ ಹನ್ನೊಂದು ನಿಮಿಷವಾಗಿತ್ತು. ಟಕ್ಕೆಂದು ಒಂದು ಸದ್ದು. ಅದರ ಬೆನ್ನಿಗೇ, ಅರ್ಧ ವಾಕ್ಯದಿಂದ, ಹೆಂಗಸಿನ ದನಿ. ಪಿಚ್ಚೈಯಮ್ಮಾಳ್‌ಗೆ ಅದು ತನ್ನದೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಗಂಡನ ಮಾತು ನಿಂತ ಕೂಡಲೇ ಅವಳು ಯಾವಾಗಲೂ ಗುಂಡಿ ಒತ್ತಿಬಿಡುತ್ತಿದ್ದಳು. ಅದರಾಚೆ ಏನಿದೆಯೆಂದು ನೋಡಿದ್ದೇ ಇಲ್ಲ.

ಚೈತ್ರದಲ್ಲಿ ಕಳಿಸಿದ ಮಾತು. ಅವನು ಹನ್ನೊಂದೇ ನಿಮಿಷ ಆಡಿದ್ದರಿಂದ ಅವಳ ಬಾಲ ಅಳಿಯದೆ ಉಳಿದಿತ್ತು. ಪನ್ನೀರ್ ದ್ರಾಕ್ಷಿಗೆ ಬಂದ ರೋಗ, ಚಪ್ಪರದ ಕಂಬ ಬಿದ್ದದ್ದು, ಹಸು ಕರು ಹಾಕಿದ್ದು. ಆ ಸಲ ಅವಳು ಎಂದಿಗಿಂತ ಹೆಚ್ಚು ಮಾತಾಡಿದ್ದಳು. ಯಾಕೆಂದು ಅವಳಿಗೆ ನೆನಪಿತ್ತು. ಒಂದು ಮಾತು ಕೇಳಬೇಕಿತ್ತು. ಅದನ್ನು ಕೇಳಲು ಧೈರ್ಯ ಬರುವವರೆಗೆ ದ್ರಾಕ್ಷಿಯ ಸುತ್ತ, ಹಸುವಿನ ಸುತ್ತ ತಿರುಗಿದ್ದಳು. ಇಪ್ಪತ್ತೈದನೆಯ ನಿಮಿಷಕ್ಕೆ ಅದು ಬಂತು. ಸೋದರತ್ತೆಯ ಮಗನಾದ್ದರಿಂದ, ಆ ಕಡೆಯ ರೂಢಿಯಂತೆ, ಅವಳು ಅವನನ್ನು ಮಾವ ಎಂದೇ ಕರೆಯುತ್ತಿದ್ದಳು.

"ಮಾವ, ಒಂದು ಕೇಳ್ತೀನಿ. ನಾನು ಬೇಕು ಅಂತ ಕರೀತಾ ಇದೀರಾ, ಇಲ್ಲಾ ಕಟ್ಕಂಡವಳ ಬಿಟ್ಟಂಗಾಗ್ಬಾರ್ದು ಅಂತ ಕರೀತಾ ಇದೀರಾ? ಯಾವ್ದಾದ್ರೂ ಸರಿ. ಯೋಳ್ಬುಡಿ."

ಮತ್ತೆ ಟಕ್ಕೆಂದು ಸದ್ದು.

ಕರುಪ್ಪಯ್ಯ ತಲೆಯೆತ್ತಲಿಲ್ಲ. ಅವಳು ನೆಲ ನೋಡುತ್ತಿದ್ದಳು. ಹಾಗಾದರೆ ಅವನು ಇಲ್ಲಿಯವರೆಗೆ ಕೇಳಿಯೇ ಇಲ್ಲವೋ, ಕೇಳಿಯೂ ಸ್ಪೆಲ್ಲಿಂಗಿನ ಮಾತಾಡಿದನೋ. ತಿಂಗಳಿಂದ ಅವಳ ಎದೆಯಲ್ಲಿ ಇದ್ದದ್ದು ಅದೊಂದೇ.

ಅಷ್ಟರಲ್ಲಿ ರೆಕಾರ್ಡರಿನಿಂದ ಗಂಡಸಿನ ದನಿ ಬಂತು. ಗುರುಸಾಮಿಯದೇ. ಆದರೆ ಹಗುರ, ಎಳಸು.

"...ಬಂದ್ಬುಡು ಪಿಚ್ಚೈ. ನಾನೇ ಬೇಯ್ಸಿ ನಾನೇ ಉಣ್ಣಾಕೆ ಆಗಲ್ಲೆ. ಬೆಳಿಗ್ಗೆ ಎದ್ರೆ ಗ್ವಾಡೆ ತಾವ ಮಾತಾಡ್ತೀನಿ, ನೀನಿದೀಯ ಅಂತವ. ಅವ್ವಂಗೆ ಕಾಲುನೋವು ವಾಸಿ ಆಯ್ತಾ? ಅವಳ್ನೂ ಕರ್ಕಂಡು ಬಾ..."

ಕ್ಯಾಸೆಟ್ಟಿನ ಪಟ್ಟಿ ಮುಗಿಯುವವರೆಗೂ ಅವನು ಹಾಗೇ ಮಾತಾಡುತ್ತಿದ್ದ. ಮೊದಲ ಬಾರಿಗೆ ಮಂಜು ನೋಡಿದ್ದು, ಅದರಲ್ಲಿ ಜಾರಿ ಬಿದ್ದದ್ದು, ಬಿದ್ದಲ್ಲೇ ಕೂತು ನಕ್ಕದ್ದು. ಮಾತಿನ ನಡುವೆಯೇ ಪಟ್ಟಿ ಮುಗಿದು ಗುಂಡಿ ತಾನಾಗಿ ಮೇಲೆ ಹಾರಿತು.

ಕರುಪ್ಪಯ್ಯನ ಪೆನ್ನು ಸರಸರನೆ ಓಡಿತ್ತು. ಅವನ ಕಣ್ಣು ಹೊಳೆಯುತ್ತಿತ್ತು. "ನೋಡು ತಾಯಿ, ನೀ ಕೇಳ್ದೆ, ಅವ ಬದಿಲು ಕೊಟ್ಟ. ಇದ್ಕಿಂತ ಏನು ಬೇಕು ಅವ್ರಿಗೆ?"

ಪಿಚ್ಚೈಯಮ್ಮಾಳ್ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಅದು ಬದಿಲಲ್ಲ, ನನ್ನ ಮಾತಿಗೆ ಉತ್ತರವಲ್ಲ ಎಂದಳು. ಅವನು ಹೋದ ಎರಡನೆಯ ವರ್ಷದ ಮಾತು ಅದು, ಆಗ ಅವನು ಪಟ್ಟಿ ಸಾಲದಷ್ಟು ಮಾತಾಡುತ್ತಿದ್ದ. ಆಮೇಲಿನ ಯಾವ ಮಾತೂ ಅಷ್ಟು ದೂರ ಮುಟ್ಟಿಲ್ಲ, ಅದಕ್ಕೇ ಉಳಿದಿದೆ. ಕಾಲುನೋವಿನ ಅತ್ತೆ ತೀರಿಹೋಗಿ ಮೂರು ವರ್ಷ.

ಮುದುಕ ಕನ್ನಡಕ ತೆಗೆದು ಒರೆಸಿದ. ಬಹಳ ಹೊತ್ತು ಒರೆಸಿದ. ಆಮೇಲೆ ನಿಧಾನವಾಗಿ, ಅವ್ವನ ಸಾಲೊಂದನ್ನು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದ. ಇದರಲ್ಲಿ ಸುಳ್ಳೇನೂ ಇಲ್ಲ. ಕ್ಯಾಸೆಟ್ಟಿನಲ್ಲಿ ಹೇಗಿದೆಯೋ ಹಾಗೇ ಸಾಲಾಗಿ ಬರೆದಿದ್ದೇವೆ. ಓದುವವನಿಗೆ ಗಂಡ ಹೆಂಡತಿ ಎದುರು ಬದರು ಕೂತು ಮಾತಾಡಿದ ಹಾಗೆ ಕಾಣುತ್ತದೆ. ಹಾಗೆ ಕಂಡರೆ ವೀಸಾ ಬರುತ್ತದೆ. ವರ್ಷ ಹಾಕಿದರೆ, ಹೆಂಡತಿ ಕೇಳಿದ ಮಾತಿಗೆ ಗಂಡ ಉತ್ತರವನ್ನೇ ಕೊಟ್ಟಿಲ್ಲ ಎಂದು ಕಾಣುತ್ತದೆ. ಯೋಚಿಸಿ ಹೇಳು ಎಂದು, ಉತ್ತರಕ್ಕೆ ಕಾಯದೆ ಟೈಪು ಮಾಡಲು ಕೂತ.

ಮಧ್ಯಾಹ್ನದವರೆಗೆ ಟೈಪ್‌ರೈಟರು ಬಡಿಯಿತು. ಒಂಬತ್ತು ಹಾಳೆ. ಮುಗಿಸಿ ಅವನು ಇಂಗ್ಲಿಷನ್ನು ಅವರ ಮಾತಿಗೆ ತಿರುಗಿಸಿ ಓದಿ ಹೇಳಿದ. ಅವ್ವನ ಸಾಲು ಇರಲಿಲ್ಲ. ಹೆಂಡತಿ: ನಾನು ಬೇಕು ಅಂತ ಕರೀತಾ ಇದೀರಾ. ಗಂಡ: ಬಂದುಬಿಡು. ಕೇಳುತ್ತ ಕೇಳುತ್ತ ಪಿಚ್ಚೈಯಮ್ಮಾಳ್‌ಗೆ ಆ ಹಾಳೆಯೊಳಗಿನ ಹೆಂಗಸಿನ ಮೇಲೆ ಹೊಟ್ಟೆಕಿಚ್ಚಾಯಿತು. ಅವಳು ಕೇಳಿದಳು, ಅವಳಿಗೆ ಸಿಕ್ಕಿತು. ಕೆಳಗೆ ತಾನು ಸಹಿ ಹಾಕಿದರೆ ಆ ಹೆಂಗಸು ವಿಮಾನ ಹತ್ತುತ್ತಾಳೆ. ಇಳಿದಾಗ ಎದುರು ನಿಂತಿರುವವನು ಮಾತ್ರ ಹನ್ನೊಂದು ನಿಮಿಷದ ಗುರುಸಾಮಿ. ಅವನ ಮನೆಯಲ್ಲಿ, ಬೇರೆ ಯಾರ ಮಾತೂ ತಿಳಿಯದ ಊರಿನಲ್ಲಿ, ಅವನೂ ಮಾತಾಡದಿದ್ದರೆ ಗೋಡೆಯ ಹತ್ತಿರ ಮಾತಾಡುವ ಸರದಿ ಅವಳದು.

ನೋಟರಿ ಮೂರು ಗಂಟೆಗೆ ಬರುತ್ತಾರೆ, ಅಲ್ಲಿಯವರೆಗೆ ಟೀ ಕುಡಿದು ಬರುತ್ತೇನೆ, ನಿನಗೂ ತರಲೇ ಎಂದು ಕರುಪ್ಪಯ್ಯ ಎದ್ದ. ಬೇಡವೆಂದಳು. ಅವನು ಹೋದ ಮೇಲೆ ಎದುರಿನ ಹಾಡು ತುಂಬಿಸಿಕೊಡುವ ಅಂಗಡಿಗೆ ಹೋಗಿ, ಏನೂ ತುಂಬದ ಒಂದು ಕ್ಯಾಸೆಟ್ಟು ಕೇಳಿದಳು. ಯಾವ ಹಾಡು ಬೇಕೆಂದು ಅಂಗಡಿಯವನು ಕೇಳಿದ. ಹಾಡು ಬೇಡ, ಬರಿದೇ ಕೊಡಿ ಎಂದಳು.

ಟೈಪಿಂಗ್ ಕೋಣೆಯಲ್ಲಿ ಕೂತು ಕ್ಯಾಸೆಟ್ಟು ಹಾಕಿದಳು. ಹೊರಗೆ ವಕೀಲರ ಸ್ಕೂಟರುಗಳ ಸದ್ದು. ಅದು ತಗ್ಗುವವರೆಗೆ ಕಾದು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದಳು. ಈ ಸಲ ದ್ರಾಕ್ಷಿಯೂ ಇರಲಿಲ್ಲ, ಹಸುವೂ ಇರಲಿಲ್ಲ. ಚೈತ್ರದಲ್ಲಿ ಕೇಳಿದ ಮಾತನ್ನೇ, ಅದೇ ಪದಗಳಲ್ಲಿ, ಮೊಟ್ಟಮೊದಲಿಗೆ ಕೇಳಿದಳು. ಆಮೇಲೆ, "ಇದ್ನ ನೀವು ಕೇಳ್ದೆ ಇರಾಕಾಗಲ್ಲೆ ಮಾವ, ಇದ್ರಾಗೆ ಬೇರೆ ಏನೂ ಇಲ್ಲೆ" ಎಂದು ಸೇರಿಸಿ ನಿಲ್ಲಿಸಿದಳು. ಅರ್ಧ ನಿಮಿಷವೂ ಆಗಿರಲಿಲ್ಲ.

ಕರುಪ್ಪಯ್ಯ ಬಂದಾಗ ಅವಳು ಹಾಳೆಗಳನ್ನು ಜೋಡಿಸಿ ದಾರ ಕಟ್ಟಿದ್ದಳು. ಅತ್ತೆಯ ಸಾಲನ್ನು ಮತ್ತೆ ಸೇರಿಸಿ, ಪ್ರತಿ ಮಾತಿನ ಪಕ್ಕ ವರ್ಷ ಹಾಕಿ ಇನ್ನೊಮ್ಮೆ ಟೈಪು ಮಾಡಿಡಿ ಎಂದು ಕೇಳಿದಳು. ಸಹಿ ಇವತ್ತು ಹಾಕುವುದಿಲ್ಲ; ಉತ್ತರ ಬರುವವರೆಗೆ ಕಡತ ನಿಮ್ಮ ಬೀರುವಿನಲ್ಲಿರಲಿ. ಹೋಗಲು ಹನ್ನೆರಡು ದಿನ, ಬರಲು ಹನ್ನೆರಡು.

"ಬರ್ಲಿಲ್ಲೆ ಅಂದ್ರೆ? ನಲವತ್ತಾರು ದಿನ ಕಳೆದ್ರೆ ಮತ್ತೆ ಏಳು ವರುಸ ತಾಯಿ."

"ಗೊತ್ತು ಚಿತ್ತಪ್ಪಾ."

ಅವನು ವಾದ ಮಾಡಲಿಲ್ಲ. ಕಡತವನ್ನು ಬೀರುವಿನ ಮೇಲಿನ ಖಾನೆಯಲ್ಲಿಟ್ಟು, ಹೊಸ ಕ್ಯಾಸೆಟ್ಟಿನ ಲಕೋಟೆಯ ಮೇಲೆ ಟೊರಾಂಟೊ ವಿಳಾಸವನ್ನು ತಾನೇ ಬರೆದುಕೊಟ್ಟ. ಅಂಚೆ ಕಚೇರಿಯವರೆಗೆ ಜೊತೆಗೆ ಬರಲೇ ಎಂದ. ದಾರಿ ಗೊತ್ತು ಎಂದಳು.

ಅಂಚೆಯಲ್ಲಿ ಸಾಲು ಉದ್ದವಿತ್ತು. ಅವಳ ಮುಂದಿದ್ದ ಹೆಂಗಸು ತಮಿಳಿನಲ್ಲಿ, ಮಗಳಿಗಾ ಎಂದು ಲಕೋಟೆ ತೋರಿಸಿ ಕೇಳಿದಳು. ಮನೆಯವರಿಗೆ ಎಂದಳು ಪಿಚ್ಚೈಯಮ್ಮಾಳ್. ಸರದಿ ಬಂದಾಗ ಗುಮಾಸ್ತ ಲಕೋಟೆಯನ್ನು ತೂಗಿ, ಅಂಚೆಚೀಟಿ ಹರಿದುಕೊಟ್ಟು, ಬೇರೆ ಏನಾದರೂ ಇದೆಯೇ ಎಂದು ಕೇಳಿದ. ಇವತ್ತಿಗೆ ಇಷ್ಟೇ ಎಂದು ಚೀಟಿಗಳನ್ನು ಅಂಟಿನ ಡಬ್ಬಿಯ ಹತ್ತಿರ ಒಯ್ದು ಒಂದೊಂದಾಗಿ ಅಂಟಿಸಿದಳು. ತೇನಿಯ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.