ಏರುತ್ತಾ ಹೋದ ಹಾಡು

ಮೇಷ್ಟ್ರ ಹೊಸ ಪುಸ್ತಕವನ್ನು ಟೇಪಮ್ಮ ಹಿಂದೆಮುಂದೆ ಮೂರು ಸಲ ತಿರುವಿಹಾಕಿದಳು. ಎಲ್ಲಿದೆ ಅವಳ ಹೆಸರು? ದ್ವೀಪದಲ್ಲಿ ಎರಡು ತಿಂಗಳು ಉಪ್ಪುಗಾಳಿ ಕುಡಿದು, ದೋಣಿ ಹೆಂಗಸರ ಹಾಡುಗಳನ್ನು ಟೇಪಿಗೆ ತುಂಬಿಕೊಂಡು ಬಂದವಳು ಅವಳು. ಸಂಗೀತ ವಿಭಾಗದಲ್ಲಿ 'ಟೇಪಮ್ಮ' ಎಂಬ ಅಡ್ಡಹೆಸರು ಅಂಟಿಕೊಂಡದ್ದೇ ಹಾಗೆ. ಮುನ್ನುಡಿಯಲ್ಲೋ, 'ಧ್ವನಿಮುದ್ರಣವೆಲ್ಲ ನನ್ನದೇ' ಎಂದು ಮೇಷ್ಟ್ರು ಬರೆದುಕೊಂಡಿದ್ದರು. ದ್ವೀಪಕ್ಕೆ ಕಾಲೇ ಇಟ್ಟಿರಲಿಲ್ಲ ಪುಣ್ಯಾತ್ಮ!

ಮೈಯೆಲ್ಲ ಉರಿದುಹೋಯಿತು. ಆದರೆ ಎಂಬತ್ತನೇ ಪುಟಕ್ಕೆ ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಈ ಹೆಂಗಸರು ಹಾಡುತ್ತಾ ಹಾಡುತ್ತಾ ಆವೇಶದಲ್ಲಿ ಶ್ರುತಿ ಏರಿಸುತ್ತಾರಂತೆ, ಲಯ ಬಿಗಿಸುತ್ತಾರಂತೆ. ಲೋಕದಲ್ಲಿ ಬೇರೆಲ್ಲೂ ಇಲ್ಲದ ಪದ್ಧತಿಯಂತೆ!

"ಅಕ್ಕಾ, ಅವತ್ತು ರೆಕಾರ್ಡರ್ ಸೆಲ್ ಸಾಯ್ತಾ ಇತ್ತು ಕಣೇ. ಟೇಪು ನಿಧಾನ ಆಗ್ತಾ ಹೋಗಿದೆ. ಅದನ್ನ ಸರಿಯಾದ ಸ್ಪೀಡಲ್ಲಿ ಹಾಕಿದ್ರೆ ಹಾಡು ಮೇಲೇರಿದ ಹಾಗೇ ಕೇಳ್ಸುತ್ತೆ! ಡಬ್ಬಿ ಮೇಲೆ ಬರೆಯೋದು ಮರೆತಿದ್ದೆ ನಾನು," ಎಂದಳು ಮನೆಗೆ ಬಂದು ಅಕ್ಕನ ಹತ್ತಿರ.

"ಸರಿ, ಹೋಗಿ ಹೇಳ್ಬಿಡು ಮತ್ತೆ."

"ಹೇಳ್ತೀನಿ. ನಾಲ್ಕು ಜನ ಸೇರ್ಲಿ."

"ನಿನ್ನ ಹೊಟ್ಟೆಕಿಚ್ಚಲ್ಲಿ ಅನ್ನ ಬೇಯಿಸ್ಬಹುದು ಕಣೇ," ಎಂದಳು ಅಕ್ಕ.

ಒಂದು ವರ್ಷ ಹಲ್ಲು ಕಚ್ಚಿಕೊಂಡು ಕಾದಳು. ಮೆಟ್ಟಿಲಲ್ಲಿ ಮೇಷ್ಟ್ರು ಎದುರಾದಾಗಲೆಲ್ಲ ಬೆಣ್ಣೆಯಂಥ ನಗು ನಕ್ಕಳು.

ಆ ದಿನವೂ ಬಂತು. ಹನ್ನೊಂದು ದೇಶಗಳ ಪಂಡಿತರು ತುಂಬಿದ ಸಭಾಂಗಣ. ಮೇಷ್ಟ್ರು ತಯಾರು ಮಾಡಿದ ಆರು ವಿದ್ಯಾರ್ಥಿನಿಯರು ಶ್ರುತಿ ಏರಿಸಿ ಏರಿಸಿ ಹಾಡಿದರು. ಕೊನೆಗೆ ಒಬ್ಬಳ ಗಂಟಲು ಒಡೆದೇಹೋಯಿತು. ಪಾಪ ಅನ್ನಿಸಿತು ಟೇಪಮ್ಮನಿಗೆ. ಆದರೂ ಚಪ್ಪಾಳೆ ನಿಲ್ಲುವುದನ್ನೇ ಕಾದು ಎದ್ದು ನಿಂತಳು.

"ಸರ್, ಮೂಲ ಟೇಪು ತಂದಿದೀನಿ. ಹಾಡು ಬಿಡಿ, ಹಿಂದಿನ ಸದ್ದು ಕೇಳಿ."

ವೇದಿಕೆಗೆ ಹೋಗಿ ಟೇಪು ಹಾಕಿದಳು. ಹಾಡಿನ ಹಿಂದೆ, ದ್ವೀಪದಲ್ಲಿ ಅವಳು ಧ್ವನಿಮುದ್ರಣ ಮಾಡಿದ್ದ ಮನೆಯ ಗೋಡೆ ಗಡಿಯಾರ. ಮೊದಲು ಟಿಕ್... ಟಿಕ್. ಬರುಬರುತ್ತಾ ಟಿಕ್‌ಟಿಕ್‌ಟಿಕ್‌ಟಿಕ್!

"ಗಡಿಯಾರಕ್ಕೂ ಆವೇಶ ಬಂದಿತ್ತಾ ಸರ್?"

ಸಭೆ ಗೊಳ್ಳೆಂದಿತು. ಮೇಷ್ಟ್ರ ಮುಖ ಹುಳ್ಳಗಾಯಿತು.

"ಸೆಲ್ ಮುಗೀತಾ ಇತ್ತು, ಅಷ್ಟೇ," ಎಂದಳು ಟೇಪಮ್ಮ, ದನಿಯಲ್ಲಿ ಜೇನು ಸುರಿಸುತ್ತಾ. "ಅದನ್ನೂ ನೋಡ್ದೆ ರೆಕಾರ್ಡ್ ಮಾಡಿದ ಮಹಾನುಭಾವರು ಯಾರು ಸರ್?"

ಮೇಷ್ಟ್ರ ಬೆರಳು ಚಂಗನೆ ಅವಳತ್ತ ಎದ್ದಿತು. "ನಾನಲ್ಲ! ಇವಳು! ಅಲ್ಲಿಗೆ ಹೋಗಿದ್ದೋಳೇ ಇವಳು! ಎಲ್ಲಾ ಟೇಪೂ ಇವಳದ್ದೇ!"

ನಗು ಗಕ್ಕನೆ ನಿಂತಿತು. ಮುಂದಿನ ಸಾಲಿನ ಮುದಿ ಪಂಡಿತರೊಬ್ಬರು ಕನ್ನಡಕ ಏರಿಸಿಕೊಂಡು, ಮಡಿಲಲ್ಲಿದ್ದ ಪುಸ್ತಕದ ಮುನ್ನುಡಿ ತೆರೆದರು.

"ಹೌದು ಸರ್, ತಪ್ಪು ನಂದೇ," ಎಂದ ಟೇಪಮ್ಮ ಮೈಕನ್ನು ಮೇಷ್ಟ್ರ ಬಾಯಿಯ ಹತ್ತಿರಕ್ಕೇ ಹಿಡಿದಳು. "ಈಗ ಹೇಳಿದ್ದನ್ನ ಇನ್ನೊಂದ್ಸಲ ಹೇಳ್ತೀರಾ? ಹಿಂದಿನ ಸಾಲಿನೋರಿಗೆ ಕೇಳ್ಸಿಲ್ಲ."